ಪತ್ರಿಕೆಯ ಪುಟದಿಂದ ಡಿಸ್ಕಿಗೆ: ಮನೆಯ ಕಂಪ್ಯೂಟರಿನ ಪ್ರೋಗ್ರಾಂಗಳ ಪ್ರಸಾರವನ್ನು ಕುರಿತು

1. ವಿಷಯ ಪ್ರವೇಶ

ಓಲೆಗರಿಯ ಕಾಲದಲ್ಲಿ ಕಾವ್ಯವೊಂದನ್ನು ಪಡೆಯಬಯಸಿದವನು ಅದನ್ನು ತಾನೇ ಪ್ರತಿಮಾಡಿಕೊಳ್ಳಬೇಕಾಗಿತ್ತು, ಇಲ್ಲವೆ ಲಿಪಿಕಾರನಿಂದ ಮಾಡಿಸಬೇಕಾಗಿತ್ತು. ಅಚ್ಚಿನ ಮನೆಗಳು ಬಂದಮೇಲೆ ಆ ಶ್ರಮ ನಿಂತಿತು. ಆದರೆ ಅಚ್ಚಾದ ಪುಟವನ್ನು ಕೈಯಲ್ಲಿ ಹಿಡಿದ ಓದುಗನೇ ಮತ್ತೆ ಲಿಪಿಕಾರನಾಗಿ ಕುಳಿತ ಒಂದು ಅಲ್ಪಕಾಲವು ಕಂಪ್ಯೂಟರಿನ ಇತಿಹಾಸದಲ್ಲಿ ಉಂಟು. 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಮನೆಗಳಲ್ಲಿ ಬಳಕೆಗೆ ಬಂದ ಸಣ್ಣ ಕಂಪ್ಯೂಟರುಗಳ ಪ್ರೋಗ್ರಾಂಗಳು ಮಾಸಪತ್ರಿಕೆಗಳ ಪುಟಗಳಲ್ಲಿ ಸಾಲುಸಾಲಾಗಿ ಅಚ್ಚಾಗುತ್ತಿದ್ದವು. ಪುಟವನ್ನು ಎದುರಿಗಿಟ್ಟುಕೊಂಡು, ಒಂದೊಂದು ಅಕ್ಷರವನ್ನೂ ಕೀಲಿಮಣೆಯ ಮೇಲೆ ಒತ್ತಿ, ಪ್ರೋಗ್ರಾಮನ್ನು ತನ್ನ ಯಂತ್ರದೊಳಕ್ಕೆ ಇಳಿಸಿಕೊಳ್ಳುವುದು ಓದುಗನ ಪಾಲಿನ ಕೆಲಸವಾಗಿತ್ತು. ಅನಂತರ ಅದೇ ಪತ್ರಿಕೆಗಳು ತಮ್ಮ ಸಂಚಿಕೆಯ ಪ್ರೋಗ್ರಾಂಗಳನ್ನೆಲ್ಲ ಒಂದು ಡಿಸ್ಕಿನಲ್ಲಿ ತುಂಬಿ ಮಾರತೊಡಗಿದವು. ಆಗ ಈ ಎರಡನೆಯ ಪ್ರತಿಕಾರ್ಯವೂ ನಿಂತಿತು.

ಈ ಬದಲಾವಣೆಯ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯ ಒಂದುಂಟು: ಕೈಯಾರೆ ಒತ್ತುತ್ತಿದ್ದಾಗ ಓದುಗನು ಪ್ರೋಗ್ರಾಂ ರಚನೆಯನ್ನು ಕಲಿಯುತ್ತಿದ್ದನು; ಡಿಸ್ಕು ಬಂದು ಅವನನ್ನು ಬರಿಯ ಬಳಕೆದಾರನನ್ನಾಗಿ ಮಾಡಿತು. ವಿದ್ಯಾರ್ಥಿಗಳಿಗೆ ಸಿದ್ಧವಸ್ತುವನ್ನು ಕೊಡಬೇಕೆ, ಶ್ರಮವನ್ನು ಕೊಡಬೇಕೆ ಎಂಬ ಪ್ರಶ್ನೆ ಅಧ್ಯಾಪಕರಾದವರಿಗೆಲ್ಲ ನಿತ್ಯದ ಪ್ರಶ್ನೆಯಾದುದರಿಂದ, ಈ ಅಭಿಪ್ರಾಯವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಒಂದು ನಿಶ್ಚಿತ ಉದಾಹರಣೆಯ ಮೂಲಕ ಪರಿಶೀಲಿಸಲು ನಾವು ಇಲ್ಲಿ ಯತ್ನಿಸಿದ್ದೇವೆ. ಕಮೋಡೋರ್ 64 ಎಂಬ ಕಂಪ್ಯೂಟರನ್ನೂ, ಅದರ ಬಳಕೆದಾರರಿಗಾಗಿ ನಡೆಯುತ್ತಿದ್ದ 'ಕಂಪ್ಯೂಟ್ಸ್ ಗೆಜೆಟ್' ಎಂಬ ಪತ್ರಿಕೆಯನ್ನೂ, ಅದರ ಡಿಸ್ಕನ್ನೂ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

2. ಯಂತ್ರ ಮತ್ತು ಪತ್ರಿಕೆ

ಕಮೋಡೋರ್ 64 ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಹೆಸರಿನಲ್ಲಿರುವ 64 ಎಂಬುದು ಅದರ ನೆನಪಿನ ಅಳತೆ, ಎಂದರೆ 64 ಕಿಲೋಬೈಟು. ಯಂತ್ರವನ್ನು ಚಾಲೂ ಮಾಡಿದೊಡನೆ, ಬೇಸಿಕ್ ಭಾಷೆಯ ಪ್ರೋಗ್ರಾಂಗಳಿಗೆ 38911 ಬೈಟುಗಳು ತೆರವಾಗಿವೆ ಎಂಬ ಸೂಚನೆ ತೆರೆಯ ಮೇಲೆ ಮೂಡುತ್ತಿತ್ತು. ಮನೆಯ ಟೆಲಿವಿಷನ್ನಿಗೇ ಜೋಡಿಸಬಹುದಾಗಿದ್ದ ಈ ಯಂತ್ರದಲ್ಲಿ ಬೇಸಿಕ್ ಭಾಷೆ ಮೊದಲೇ ಅಡಕವಾಗಿತ್ತು. ಆದುದರಿಂದ ಯಂತ್ರವನ್ನು ಕೊಂಡವನು ಬೇರೇನನ್ನೂ ಕೊಳ್ಳದೆ, ಅಂದೇ ಪ್ರೋಗ್ರಾಂ ಬರೆಯಲು ತೊಡಗಬಹುದಾಗಿತ್ತು.

ಗೆಜೆಟ್ ಪತ್ರಿಕೆಯ ಮೊದಲ ಸಂಚಿಕೆ 1983ರ ಜುಲೈ ತಿಂಗಳಿನದು. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ನಗರದಿಂದ 1979ರಿಂದಲೂ ಹೊರಡುತ್ತಿದ್ದ 'ಕಂಪ್ಯೂಟ್' ಪತ್ರಿಕೆಯ ಕವಲು ಇದು. ಮಾತೃಪತ್ರಿಕೆ ಹಲವು ಬಗೆಯ ಯಂತ್ರಗಳನ್ನು ಕುರಿತದ್ದಾದರೆ, ಗೆಜೆಟ್ ಕಮೋಡೋರ್ ಸಂಸ್ಥೆಯ ಯಂತ್ರಗಳಿಗೆ ಮೀಸಲಾಯಿತು. ಪ್ರತಿ ಸಂಚಿಕೆಯಲ್ಲಿಯೂ ಆಟಗಳು, ಮಕ್ಕಳ ಕಲಿಕೆಗೆ ನೆರವಾಗುವ ಪ್ರೋಗ್ರಾಂಗಳು, ಚಿತ್ರ ಮತ್ತು ನಾದಕ್ಕೆ ಸಂಬಂಧಿಸಿದವು, ಬೇರೆ ಪ್ರೋಗ್ರಾಂಗಳ ರಚನೆಗೆ ಉಪಕರಣವಾಗುವಂಥವು, ಹೀಗೆ ಹಲವು ಇರುತ್ತಿದ್ದವು. ಇವುಗಳಲ್ಲಿ ಕೆಲವು ಸಂಪಾದಕವರ್ಗದವರೇ ಬರೆದವು. ಉಳಿದವು ಓದುಗರಿಂದ ಬಂದವು. ಪ್ರತಿಯೊಂದು ಪ್ರೋಗ್ರಾಂ ಜೊತೆಗೂ ಅದರ ಉಪಯೋಗವನ್ನು ವಿವರಿಸುವ ಒಂದು ಲೇಖನವಿರುತ್ತಿತ್ತು. ಮುಂದಿನ ಚರ್ಚೆಗೆ ಈ ಕೊನೆಯ ಅಂಶ ಮುಖ್ಯವಾದುದು.

3. ಲಿಪಿಕಾರನ ತಪ್ಪು ಮತ್ತು ತಾಳೆಯ ಅಂಕೆ

ಪ್ರತಿಮಾಡುವ ಕೆಲಸವೆಲ್ಲಿಯೋ ತಪ್ಪೂ ಅಲ್ಲಿಯೇ. ಹಸ್ತಪ್ರತಿಗಳಲ್ಲಿ ಲಿಪಿಕಾರನ ಸ್ಖಾಲಿತ್ಯವನ್ನು ಓದುಗನು ಊಹೆಯಿಂದ ತಿದ್ದಿಕೊಳ್ಳಬಲ್ಲನು. ಅರ್ಥವು ಅವನಿಗೆ ದಾರಿ ತೋರಿಸುತ್ತದೆ. ಕಂಪ್ಯೂಟರಿಗೆ ಅಂಥ ಊಹೆಯಿಲ್ಲ. ಒಂದು ಅಲ್ಪವಿರಾಮದ ಸ್ಥಳದಲ್ಲಿ ಪೂರ್ಣವಿರಾಮ ಬಿದ್ದರೂ ಪ್ರೋಗ್ರಾಂ ನಿಂತುಹೋಗಬಹುದು, ಅಥವಾ ಇನ್ನೂ ಕೆಟ್ಟುದೆಂದರೆ, ನಿಲ್ಲದೆ ತಪ್ಪಾಗಿ ನಡೆಯಬಹುದು.

ಈ ತೊಂದರೆಗೆ ಪರಿಹಾರವಾಗಿ ಪತ್ರಿಕೆಯವರು 1983ರ ಅಕ್ಟೋಬರಿನಲ್ಲಿ 'ಆಟೊಮ್ಯಾಟಿಕ್ ಪ್ರೂಫ್‌ರೀಡರ್' ಎಂಬ ಚಿಕ್ಕ ಪ್ರೋಗ್ರಾಮನ್ನು ಪ್ರಕಟಿಸಿದರು. ಅದರ ತತ್ತ್ವ ಸರಳವಾದುದು. ಕಂಪ್ಯೂಟರಿನೊಳಗೆ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಒಂದು ಸಾಲನ್ನು ಒತ್ತಿ ಮುಗಿಸಿದೊಡನೆ ಆ ಸಾಲಿನ ಅಕ್ಷರಗಳ ಸಂಖ್ಯೆಗಳೆಲ್ಲವನ್ನೂ ಕೂಡಿ, ಬಂದ ಮೊತ್ತದಿಂದ ಒಂದು ಚಿಕ್ಕ ಅಂಕೆಯನ್ನು ಪಡೆದು ತೆರೆಯ ಮೇಲೆ ತೋರಿಸಲಾಗುತ್ತಿತ್ತು. ಪುಟದಲ್ಲಿ ಆ ಸಾಲಿನ ಜೊತೆಗೆ ಅಚ್ಚಾಗಿದ್ದ ಅಂಕೆಯೊಡನೆ ಇದು ತಾಳೆಯಾದರೆ ಸಾಲು ಸರಿ. ತಾಳೆಯಾಗದಿದ್ದರೆ ಎಲ್ಲಿಯೋ ತಪ್ಪಿದೆ.

ನಮ್ಮ ಗ್ರಂಥಸಂಪಾದಕರಿಗೆ ಈ ಉಪಾಯ ಹೊಸದಲ್ಲ. ಕಂದಪದ್ಯದ ಒಂದು ಪಾದದಲ್ಲಿ ಅಕ್ಷರ ಬಿಟ್ಟುಹೋದರೆ ಮಾತ್ರೆಯ ಲೆಕ್ಕ ಕೆಡುತ್ತದೆ. ಛಂದಸ್ಸೇ ಅಲ್ಲಿ ಕಾವಲುಗಾರ. ಆದರೆ ಈ ಕಾವಲಿಗೆ ಒಂದು ಮಿತಿಯಿದೆ. ಒಂದೇ ಅಳತೆಯ ಎರಡು ಗಣಗಳು ಸ್ಥಳ ಬದಲಾಯಿಸಿದರೆ ಮಾತ್ರೆಗಳ ಮೊತ್ತ ಬದಲಾಗುವುದಿಲ್ಲ. ಪ್ರೂಫ್‌ರೀಡರಿನ ಮೊದಲ ಪಾಠಕ್ಕೂ ಇದೇ ಮಿತಿಯಿತ್ತು. ಎರಡು ಅಕ್ಷರಗಳು ಅದಲುಬದಲಾದರೆ ಅದು ಗುರುತಿಸಲಾರದಾಗಿತ್ತು. 65ನ್ನೂ 66ನ್ನೂ ಯಾವ ಕ್ರಮದಲ್ಲಿ ಕೂಡಿದರೂ ಬರುವುದು 131 ಅಷ್ಟೆ.

1986ರ ಫೆಬ್ರವರಿಯಲ್ಲಿ ಪ್ರಕಟವಾದ ಹೊಸ ಪಾಠದಲ್ಲಿ ಈ ಕೊರತೆ ನೀಗಿತು. ಅದರಲ್ಲಿ ಅಕ್ಷರದ ಬೆಲೆಯ ಜೊತೆಗೆ ಅದರ ಸ್ಥಾನವೂ ಲೆಕ್ಕಕ್ಕೆ ಸೇರಿತು. ತತ್ತ್ವವನ್ನು ಸ್ಪಷ್ಟಪಡಿಸಲು ಹೀಗೆ ಹೇಳಬಹುದು: ಮೊದಲನೆಯ ಅಕ್ಷರವನ್ನು ಒಂದರಿಂದಲೂ ಎರಡನೆಯದನ್ನು ಎರಡರಿಂದಲೂ ಗುಣಿಸಿ ಕೂಡಿದರೆ, 65, 66 ಎಂಬ ಕ್ರಮಕ್ಕೆ 197 ಬರುತ್ತದೆ, 66, 65 ಎಂಬ ಕ್ರಮಕ್ಕೆ 196. ಕ್ರಮವು ಕೆಟ್ಟೊಡನೆ ತಾಳೆಯೂ ತಪ್ಪುತ್ತದೆ. ವೇದಾಧ್ಯಯನದಲ್ಲಿ ಪದಗಳನ್ನು ಕಾಪಾಡಲು ಸಂಹಿತಾಪಾಠ ಪದಪಾಠಗಳಿದ್ದರೂ, ಪದಗಳ ಕ್ರಮವನ್ನು ಬಿಗಿಗೊಳಿಸಲು ಕ್ರಮ, ಜಟಾ, ಘನ ಎಂಬ ಪಾಠಗಳು ಬೇಕಾದುದನ್ನು ವಾಚಕರು ಇಲ್ಲಿ ನೆನೆಯಬಹುದು. ಕಾಲವೂ ಸಾಧನವೂ ಬೇರೆಯಾದರೂ ಎದುರಿಸಿದ ಕಷ್ಟ ಒಂದೇ ಜಾತಿಯದು.

4. ಸ್ಪೀಡ್‌ಸ್ಕ್ರಿಪ್ಟಿನ ನಿದರ್ಶನ

ಇಲ್ಲಿಯವರೆಗೆ ಹೇಳಿದುದು ಬೇಸಿಕ್ ಭಾಷೆಯ ಪ್ರೋಗ್ರಾಂಗಳ ವಿಷಯ. ಬೇಸಿಕ್ಕಿನ ಸಾಲು ಮನುಷ್ಯನಿಗೆ ಓದಲು ಬರುವಂಥದು. ಆದರೆ ವೇಗವಾಗಿ ನಡೆಯಬೇಕಾದ ಪ್ರೋಗ್ರಾಂಗಳನ್ನು ಯಂತ್ರಭಾಷೆಯಲ್ಲಿ ರಚಿಸುತ್ತಿದ್ದರು. ಅವು ಅಚ್ಚಿನಲ್ಲಿ ಬರಿಯ ಸಂಖ್ಯೆಗಳ ಸಾಲುಗಳಾಗಿ ಕಾಣುತ್ತಿದ್ದವು. ಇಂಥವನ್ನು ಒಳಕ್ಕೆ ಇಳಿಸಲು 1983ರ ಕೊನೆಯಲ್ಲಿ 'ಎಂ.ಎಲ್.ಎಕ್ಸ್.' ಎಂಬ ಇನ್ನೊಂದು ಸಹಾಯಕ ಪ್ರೋಗ್ರಾಂ ಬಂದಿತು. ಅದರ ಮೊದಲ ರೂಪದಲ್ಲಿ ಒಂದು ಸಾಲಿಗೆ ಆರು ಸಂಖ್ಯೆಗಳು, ಏಳನೆಯದಾಗಿ ತಾಳೆಯ ಅಂಕೆ. ತಾಳೆಯಾಗದ ಸಾಲನ್ನು ಅದು ಸ್ವೀಕರಿಸುತ್ತಲೇ ಇರಲಿಲ್ಲ.

ಈ ವಿಧಾನದಿಂದ ಮನೆಮನೆಗೆ ಹೋದ ಪ್ರೋಗ್ರಾಂಗಳಲ್ಲಿ ಪ್ರಸಿದ್ಧವಾದುದು 'ಸ್ಪೀಡ್‌ಸ್ಕ್ರಿಪ್ಟ್'. ಇದು ಪತ್ರಿಕೆಯ ಸಂಪಾದಕವರ್ಗಕ್ಕೆ ಸೇರಿದ ಚಾರ್ಲ್ಸ್ ಬ್ರ್ಯಾನನ್ ಎಂಬವರು ರಚಿಸಿದ ಪದಸಂಸ್ಕಾರಕ. ಎಂದರೆ ಪತ್ರ, ಪ್ರಬಂಧ ಮೊದಲಾದವನ್ನು ಬರೆದು, ತಿದ್ದಿ, ಅಚ್ಚುಮಾಡಿಕೊಳ್ಳಲು ಬೇಕಾದ ಸಾಧನ. 1984ರ ಜನವರಿಯ ಗೆಜೆಟ್ ಸಂಚಿಕೆಯಲ್ಲಿ ಇದರ ಮೊದಲ ಪಾಠ ಪ್ರಕಟವಾಯಿತು. ಇದರ ಗಾತ್ರ ಸುಮಾರು 5 ಕಿಲೋಬೈಟು ಮಾತ್ರ. ಅಂಗಡಿಯಲ್ಲಿ ಪ್ರತ್ಯೇಕವಾಗಿ ಬೆಲೆ ತೆತ್ತು ಕೊಳ್ಳಬೇಕಾಗಿದ್ದ ಇಂಥ ಸಾಧನಗಳ ಹಲವು ಗುಣಗಳು ಈ ಪುಟ್ಟ ಗಾತ್ರದಲ್ಲಿ ಅಡಗಿದ್ದವು.

ಗಾತ್ರ ಪುಟ್ಟದಾದರೂ ಪ್ರತಿಮಾಡುವ ಶ್ರಮ ಪುಟ್ಟದಲ್ಲ. 5 ಕಿಲೋಬೈಟು ಎಂದರೆ 5120 ಬೈಟು. ಸಾಲಿಗೆ ಆರರಂತೆ 854 ಸಾಲುಗಳಾಗುತ್ತವೆ. ತಾಳೆಯ ಅಂಕೆಯನ್ನೂ ಸೇರಿಸಿದರೆ ಸುಮಾರು 6000 ಸಂಖ್ಯೆಗಳು. ಒಂದು ಸಂಖ್ಯೆಗೆ ಎರಡೇ ಸೆಕೆಂಡು ಎಂದು ಹಿಡಿದರೂ, ತಪ್ಪುಗಳನ್ನು ತಿದ್ದುವ ಕಾಲವನ್ನು ಬಿಟ್ಟು, ಮೂರು ಗಂಟೆಗೂ ಮಿಗಿಲಾದ ಕೆಲಸ. ಅದೇ ಪ್ರೋಗ್ರಾಂ ಡಿಸ್ಕಿನಲ್ಲಿದ್ದರೆ ಯಂತ್ರದೊಳಕ್ಕೆ ಬರಲು ಇಪ್ಪತ್ತು ಸೆಕೆಂಡೂ ಹಿಡಿಯುತ್ತಿರಲಿಲ್ಲ. ಪತ್ರಿಕೆಯ ಬೆಲೆಯ ಮೇಲೆ ಇನ್ನಷ್ಟು ಹಣ ತೆತ್ತು ಜನರು ಡಿಸ್ಕನ್ನು ಕೊಂಡುದಕ್ಕೆ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

5. ಡಿಸ್ಕಿನ ರಚನೆ

ಆ ಡಿಸ್ಕು ಎಂಥದು? ಅಡ್ಡಳತೆ ಐದೂಕಾಲು ಅಂಗುಲ. ಚೌಕಾಕಾರದ ಹೊದಿಕೆಯೊಳಗೆ, ಕಾಂತಗುಣವುಳ್ಳ ಪುಡಿಯನ್ನು ಲೇಪಿಸಿದ ತೆಳುವಾದ ಪ್ಲಾಸ್ಟಿಕ್ ಬಿಲ್ಲೆ. ಇದನ್ನು ಓದುತ್ತಿದ್ದುದು 1541 ಎಂಬ ಹೆಸರಿನ ಡ್ರೈವು. ಈ ಡ್ರೈವು ಬಿಲ್ಲೆಯ ಒಂದು ಮುಖದ ಮೇಲೆ ಒಂದರೊಳಗೊಂದು ಇರುವ 35 ವೃತ್ತಗಳಲ್ಲಿ ಬರೆಯುತ್ತಿತ್ತು; ಇವಕ್ಕೆ ಟ್ರ್ಯಾಕುಗಳೆಂದು ಹೆಸರು. ಟ್ರ್ಯಾಕುಗಳನ್ನು 256 ಬೈಟುಗಳ ಸೆಕ್ಟರುಗಳಾಗಿ ವಿಂಗಡಿಸಲಾಗಿತ್ತು. ಹೊರಗಿನ ವೃತ್ತ ಉದ್ದವಾದುದರಿಂದ ಅಲ್ಲಿ ಹೆಚ್ಚು ಸೆಕ್ಟರುಗಳು, ಒಳಗಿನದು ಗಿಡ್ಡವಾದುದರಿಂದ ಕಡಿಮೆ. ಮೊದಲ 17 ಟ್ರ್ಯಾಕುಗಳಲ್ಲಿ ತಲಾ 21, ಮುಂದಿನ 7ರಲ್ಲಿ ತಲಾ 19, ಅನಂತರದ 6ರಲ್ಲಿ ತಲಾ 18, ಕೊನೆಯ 5ರಲ್ಲಿ ತಲಾ 17, ಒಟ್ಟು 683.

ನಡುವಿನ ಹದಿನೆಂಟನೆಯ ಟ್ರ್ಯಾಕು ಸೂಚಿಗೆ ಮೀಸಲು. ಅದರ 19 ಸೆಕ್ಟರುಗಳನ್ನು ಕಳೆದರೆ ಬಳಕೆಗೆ ಉಳಿಯುವುದು 664. ಪ್ರತಿ ಸೆಕ್ಟರಿನ ಮೊದಲ ಎರಡು ಬೈಟುಗಳು ಮುಂದಿನ ಸೆಕ್ಟರ್ ಎಲ್ಲಿದೆಯೆಂಬುದನ್ನು ಹೇಳುತ್ತವೆ. ಹೀಗೆ ಒಂದೊಂದು ಪ್ರೋಗ್ರಾಮೂ ಕೊಂಡಿಗಳ ಸರಪಣಿಯಾಗಿ ಡಿಸ್ಕಿನ ಮೇಲೆ ಹರಡಿಕೊಂಡಿರುತ್ತಿತ್ತು. ಒಂದು ಕೊಂಡಿ ಕೆಟ್ಟರೆ ಅದರಿಂದಾಚೆಗಿನದು ಇದ್ದೂ ಇಲ್ಲದಂತೆ; ಸಾಧಾರಣ ವಿಧಾನದಲ್ಲಿ ಅದನ್ನು ತಲಪಲು ದಾರಿಯಿಲ್ಲ.

ಸೂಚಿಯ ಮೊದಲ ಸ್ಥಾನಕ್ಕೆ ಒಂದು ವಿಶೇಷವುಂಟು. ಡಿಸ್ಕನ್ನು ಹೊಸದಾಗಿ ಹಾಕಿ, ಹೆಸರಿನ ಸ್ಥಳದಲ್ಲಿ ನಕ್ಷತ್ರಚಿಹ್ನೆಯನ್ನು ಕೊಟ್ಟು ಲೋಡ್ ಎಂದು ಆಜ್ಞಾಪಿಸಿದರೆ, ಸೂಚಿಯಲ್ಲಿ ಮೊದಲು ಇರುವ ಪ್ರೋಗ್ರಾಂ ಒಳಕ್ಕೆ ಬರುತ್ತಿತ್ತು. ಆದಕಾರಣ ಇಂಥ ಡಿಸ್ಕನ್ನು ಸಿದ್ಧಪಡಿಸುವವರು ಮೊದಲ ಸ್ಥಾನದಲ್ಲಿ ವಿಷಯಾನುಕ್ರಮಣಿಕೆಯಂಥ ಒಂದು ಪ್ರೋಗ್ರಾಮನ್ನು ಇಡಬಹುದಾಗಿತ್ತು. ಅದು ಉಳಿದವುಗಳ ಹೆಸರುಗಳನ್ನು ತೆರೆಯ ಮೇಲೆ ತೋರಿಸಿ, ಓದುಗನು ಆರಿಸಿದುದನ್ನು ತಾನೇ ತಂದು ನಡೆಸುತ್ತಿತ್ತು. ಪತ್ರಿಕೆಯಲ್ಲಿ ಪುಟ ತಿರುವುವ ಕೆಲಸ ಇಲ್ಲಿ ಒಂದು ಕೀಲಿಯನ್ನು ಒತ್ತುವ ಕೆಲಸವಾಯಿತು.

6. ಕಂಡುದು ಮತ್ತು ಕಾಣದಾದುದು

ಈಗ ನಾವು ಮೊದಲು ಎತ್ತಿದ ಪ್ರಶ್ನೆಗೆ ಬರಬಹುದು. ಡಿಸ್ಕು ಓದುಗನಿಂದ ಏನನ್ನು ಕಿತ್ತುಕೊಂಡಿತು?

ಬೇಸಿಕ್ ಪ್ರೋಗ್ರಾಮನ್ನು ಮೊದಲು ನೋಡೋಣ. ಡಿಸ್ಕಿನಲ್ಲಿ ಅದು ಅಕ್ಷರಶಃ ಇರುವುದಿಲ್ಲ. ಭಾಷೆಯ ಆಜ್ಞಾಪದಗಳು ಒಂದೊಂದು ಬೈಟಿನ ಸಂಕೇತಗಳಾಗಿ ಅಡಕಗೊಂಡಿರುತ್ತವೆ. ಪ್ರಿಂಟ್ ಎಂಬ ಪದವು 153 ಎಂಬ ಒಂದೇ ಸಂಖ್ಯೆ, ಗೋಟು ಎಂಬುದು 137. ಆದರೆ ಲಿಸ್ಟ್ ಎಂದು ಆಜ್ಞಾಪಿಸಿದೊಡನೆ ಯಂತ್ರವು ಇವನ್ನು ಮತ್ತೆ ಪದಗಳಾಗಿ ಬಿಡಿಸಿ ಪೂರ್ಣ ಪಾಠವನ್ನು ತೆರೆಯ ಮೇಲೆ ತೋರಿಸುತ್ತಿತ್ತು. ಹೀಗಾಗಿ ಡಿಸ್ಕಿನಲ್ಲಿ ಬಂದ ಬೇಸಿಕ್ ಪ್ರೋಗ್ರಾಂ ಮುಚ್ಚಿದ ಪೆಟ್ಟಿಗೆಯಾಗಿರಲಿಲ್ಲ. ಬಯಸಿದವನು ಅದನ್ನು ಓದಬಹುದಾಗಿತ್ತು, ಒಂದು ಸಾಲನ್ನು ಬದಲಾಯಿಸಿ ಪರಿಣಾಮವನ್ನು ನೋಡಬಹುದಾಗಿತ್ತು. ಆದರೆ ಒಂದು ವ್ಯತ್ಯಾಸ ನಿಶ್ಚಯ. ಪುಟದಿಂದ ಒತ್ತುವವನು ಪ್ರತಿಯೊಂದು ಸಾಲನ್ನೂ ಒಮ್ಮೆಯಾದರೂ ಕಣ್ಣಿಟ್ಟು ನೋಡಲೇಬೇಕು. ತಪ್ಪಾದಾಗ ಆ ಸಾಲು ಏನು ಮಾಡುತ್ತದೆಂದು ವಿಚಾರಿಸಬೇಕು. ಡಿಸ್ಕಿನಿಂದ ಪಡೆದವನಿಗೆ ಓದುವುದು ಇಷ್ಟಕ್ಕೆ ಬಿಟ್ಟ ಸಂಗತಿ. ಅನಿವಾರ್ಯವಾಗಿದ್ದುದು ಐಚ್ಛಿಕವಾಯಿತು, ನಷ್ಟವಾದುದು ಇಷ್ಟು.

ಯಂತ್ರಭಾಷೆಯ ಪ್ರೋಗ್ರಾಮಿನ ವಿಷಯ ಬೇರೆ. ಸ್ಪೀಡ್‌ಸ್ಕ್ರಿಪ್ಟಿನ ಆರು ಸಾವಿರ ಸಂಖ್ಯೆಗಳನ್ನು ಮೂರು ಗಂಟೆ ಒತ್ತಿದವನು ಪದಸಂಸ್ಕಾರಕವು ಹೇಗೆ ಕೆಲಸ ಮಾಡುತ್ತದೆಂಬುದನ್ನು ಅದರಿಂದ ಒಂದಿಷ್ಟೂ ತಿಳಿಯುತ್ತಿರಲಿಲ್ಲ. ಭಾಷೆಯರಿಯದ ಲಿಪಿಕಾರನು ಅಕ್ಷರದ ಆಕಾರವನ್ನು ನೋಡಿ ನೋಡಿ ತಿದ್ದಿದಂತೆ, ಇದು ಬರಿಯ ಕೈಯ ಕೆಲಸ. ತಾಳೆಯ ಅಂಕೆ ಇದನ್ನು ಇನ್ನೂ ಯಾಂತ್ರಿಕವಾಗಿ ಮಾಡಿತು. ತಪ್ಪಾದರೆ ವಿಚಾರಿಸುವ ಅಗತ್ಯವಿಲ್ಲ, ಸಾಲನ್ನು ಮತ್ತೆ ಒತ್ತಿದರೆ ಸಾಕು. ಇಲ್ಲಿ ಡಿಸ್ಕು ಕಿತ್ತುಕೊಂಡುದು ದಣಿವನ್ನು ಮಾತ್ರ. ಯಂತ್ರಭಾಷೆಯ ಹಲವು ಪ್ರೋಗ್ರಾಂಗಳನ್ನು ಲಿಸ್ಟ್ ಮಾಡಿದರೆ ಕಾಣುತ್ತಿದ್ದುದು, ಒಳಗಿನ ಸಂಖ್ಯೆಗಳಿಗೆ ನಿಯಂತ್ರಣವನ್ನು ಒಪ್ಪಿಸುವ ಒಂದೇ ಒಂದು ಸಾಲು. ಆದರೆ ಅಚ್ಚಿನ ಪುಟವೂ ಇದಕ್ಕಿಂತ ಹೆಚ್ಚಿನ ಅರ್ಥವನ್ನು ತೆರೆದಿಟ್ಟಿರಲಿಲ್ಲವೆಂಬುದನ್ನು ಮರೆಯಬಾರದು.

ಹಾಗಾದರೆ ಸ್ಪೀಡ್‌ಸ್ಕ್ರಿಪ್ಟನ್ನು ಅರಿಯಲು ದಾರಿ ಯಾವುದಾಗಿತ್ತು? 1985ರಲ್ಲಿ ಅದೇ ಪ್ರಕಾಶಕರು ಇದಕ್ಕಾಗಿ ಒಂದು ಪುಸ್ತಕವನ್ನು ಹೊರತಂದು, ಅದರಲ್ಲಿ ಪ್ರೋಗ್ರಾಮಿನ ಮೂಲಪಾಠವನ್ನು ಟಿಪ್ಪಣಿಗಳೊಡನೆ ಪ್ರಕಟಿಸಿದರು. ಅರಿವಿನ ಬಾಗಿಲು ತೆರೆದುದು ಅಲ್ಲಿ. ಇದರಿಂದ ವ್ಯಕ್ತವಾಗುವುದೇನೆಂದರೆ, ಕಲಿಕೆಯು ಒತ್ತುವ ಶ್ರಮದಲ್ಲಿ ಇರಲಿಲ್ಲ. ಓದಬಲ್ಲ ಪಾಠವೂ ಅದರ ವ್ಯಾಖ್ಯಾನವೂ ಜೊತೆಯಾಗಿ ಸಿಕ್ಕಿದಲ್ಲಿ ಇತ್ತು. ಬೇಸಿಕ್ಕಿನಲ್ಲಿ ಶ್ರಮವೂ ಓದೂ ಒಟ್ಟಿಗೆ ನಡೆಯುತ್ತಿದ್ದುದರಿಂದ, ಶ್ರಮವೇ ಕಲಿಸಿತೆಂಬ ಭ್ರಾಂತಿ ಹುಟ್ಟಿತು. ಮೇಲೆ ಹೇಳಿದ ಸಾಮಾನ್ಯ ಅಭಿಪ್ರಾಯವು ಅರ್ಧ ಸತ್ಯವೆಂದು ನಾವು ಭಾವಿಸುವುದು ಈ ಕಾರಣದಿಂದ.

7. ರಕ್ಷಣೆಯ ಪ್ರಶ್ನೆ

ಈ ಸಾಮಗ್ರಿಯನ್ನು ಉಳಿಸಿಕೊಳ್ಳುವ ವಿಷಯದಲ್ಲಿಯೂ ಇದೇ ವಿವೇಚನೆ ಬೇಕಾಗುತ್ತದೆ. ಗೆಜೆಟ್ ಪತ್ರಿಕೆಯ ಸ್ವತಂತ್ರ ಮುದ್ರಣ 1990ರಲ್ಲಿ ನಿಂತಿತು. ಅನಂತರ ಅದು ಮಾತೃಪತ್ರಿಕೆಯೊಳಗಿನ ಒಂದು ಭಾಗವಾಗಿ ಬಂದು, 1993ರ ಕೊನೆಯ ಬಳಿಕ ಡಿಸ್ಕಿನ ರೂಪದಲ್ಲಿ ಮಾತ್ರ ಹೊರಟು, 1995ರಲ್ಲಿ ಕೊನೆಗೊಂಡಿತು. ಎಂದರೆ ಮೊದಲು ಪುಟವೇ ಪತ್ರಿಕೆಯಾಗಿ ಡಿಸ್ಕು ಅದರ ಅನುಬಂಧವಾಗಿದ್ದರೆ, ಕೊನೆಯಲ್ಲಿ ಡಿಸ್ಕೇ ಪತ್ರಿಕೆಯಾಯಿತು. ಲೂಯಿಸಿಯಾನದ ಶ್ರೀವ್‌ಪೋರ್ಟಿನ ಸಾಫ್ಟ್‌ಡಿಸ್ಕ್ ಸಂಸ್ಥೆಯು 1984ರಲ್ಲಿ ಕಮೋಡೋರ್ 64ಕ್ಕಾಗಿ ಆರಂಭಿಸಿದ 'ಲೋಡ್‌ಸ್ಟಾರ್' ಮೊದಲಿನಿಂದಲೂ ಡಿಸ್ಕಿನ ಮೇಲೆಯೇ ಹೊರಡುತ್ತಿದ್ದ ಪತ್ರಿಕೆ. ಇಂಥವುಗಳಲ್ಲಿ ಲೇಖನವನ್ನು ಓದಲೂ ಯಂತ್ರವೇ ಬೇಕು. ಆ ಯಂತ್ರವನ್ನು ತಯಾರಿಸಿದ ಕಮೋಡೋರ್ ಸಂಸ್ಥೆಯಾದರೋ 1994ರಲ್ಲಿಯೇ ಮುಳುಗಿತು.

ಕಾಂತಲೇಪನವು ಶಾಶ್ವತವಲ್ಲ. ಆದುದರಿಂದ ಆಸಕ್ತರು ಹಳೆಯ ಡಿಸ್ಕುಗಳನ್ನು ಸೆಕ್ಟರಿನಿಂದ ಸೆಕ್ಟರಿಗೆ ಓದಿ, ಈಗಿನ ಕಂಪ್ಯೂಟರುಗಳಲ್ಲಿ ಪ್ರತಿಬಿಂಬ ಕಡತಗಳಾಗಿ ಇರಿಸಿದ್ದಾರೆ. ಡಿ64 ಎಂದು ಕರೆಯಲಾಗುವ ಇಂಥ ಕಡತದ ಸಾಮಾನ್ಯ ಗಾತ್ರ 174848 ಬೈಟು. 683 ಸೆಕ್ಟರುಗಳನ್ನು 256ರಿಂದ ಗುಣಿಸಿದರೆ ಬರುವ ಸಂಖ್ಯೆ ಇದೇ. ಇನ್ನೊಂದು ಬಗೆಯ ಕಡತದಲ್ಲಿ ಇದಕ್ಕೆ 683 ಬೈಟುಗಳು ಹೆಚ್ಚು. ಪ್ರತಿ ಸೆಕ್ಟರಿಗೂ ಒಂದರಂತೆ, ಆ ಸೆಕ್ಟರ್ ಸರಿಯಾಗಿ ಓದಲು ಬಂದಿತೇ ಇಲ್ಲವೇ ಎಂಬ ಟಿಪ್ಪಣಿ ಅಲ್ಲಿರುತ್ತದೆ. 'ಇಲ್ಲಿ ಗರಿ ಮುರಿದಿದೆ' ಎಂದು ಗುರುತು ಮಾಡುವ ಪ್ರಾಮಾಣಿಕ ಸಂಪಾದಕನ ಕ್ರಮವನ್ನೇ ಇದು ಹೋಲುತ್ತದೆ. ಹಳೆಯ ಯಂತ್ರದಂತೆಯೇ ವರ್ತಿಸುವ 'ವೈಸ್' ಮೊದಲಾದ ಅನುಕರಣ ಸಾಫ್ಟ್‌ವೇರುಗಳಲ್ಲಿ ಈ ಕಡತಗಳನ್ನು ನಡೆಸಿ ನೋಡಬಹುದು.

ಪುಟವೊಂದನ್ನೇ ಉಳಿಸಿದರೆ ಸಾಲದೆಂಬುದಕ್ಕೆ ಸ್ಪೀಡ್‌ಸ್ಕ್ರಿಪ್ಟಿನ ಪಾಠಪರಂಪರೆಯೇ ಸಾಕ್ಷಿ. 1.0 ಪಾಠ 1984ರ ಜನವರಿಯಲ್ಲಿ ಪತ್ರಿಕೆಯ ಪುಟದಲ್ಲಿ ಬಂದಿತು, 2.0 ಪಾಠ 1985ರ ಜನವರಿಯಲ್ಲಿ ಗೆಜೆಟ್ ಡಿಸ್ಕಿನ ಮೂಲಕ ಬಂದಿತು, 3.0 ಪಾಠ ಅದೇ ವರ್ಷದ ಮಾರ್ಚಿನಲ್ಲಿ ಮತ್ತೆ ಅಚ್ಚಾಯಿತು. ಅಚ್ಚಿನ ಸಂಚಿಕೆಗಳನ್ನು ಮಾತ್ರ ಜೋಡಿಸಿಟ್ಟು ಡಿಸ್ಕುಗಳನ್ನು ಎಸೆದ ಸಂಗ್ರಹದಲ್ಲಿ ನಡುವಣ ಹಂತವನ್ನು ಅರಸುವವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಡಿಸ್ಕನ್ನು ಮಾತ್ರ ಉಳಿಸಿದ ಸಂಗ್ರಹದಲ್ಲಾದರೋ ಪ್ರೋಗ್ರಾಂ ನಡೆಯುತ್ತದೆ, ಅದರ ವಿವರಣೆ ಇಲ್ಲ. ಮೂಲ, ಪ್ರತಿ, ಟೀಕೆ ಈ ಮೂರನ್ನೂ ಒಂದೇ ಕಟ್ಟಿನಲ್ಲಿ ಇಡುವುದು ಒಳ್ಳೆಯ ಭಂಡಾರದ ಪದ್ಧತಿ. ಇಲ್ಲಿಯೂ ಅದು ಅನ್ವಯಿಸುತ್ತದೆ.

8. ಉಪಸಂಹಾರ

ಕಾಲೇಜುಗಳಲ್ಲಿ ಪ್ರೋಗ್ರಾಂ ರಚನೆಯನ್ನು ಬೋಧಿಸುವವರಿಗೆ ಈ ಪರಿಶೀಲನೆಯಿಂದ ಒಂದೆರಡು ಉಪಯೋಗಗಳು ದೊರೆಯಬಹುದೆಂದು ನಾವು ನಂಬಿದ್ದೇವೆ. ಇಂದಿನ ವಿದ್ಯಾರ್ಥಿಗೆ ಬೇಕಾದ ಪಾಠವೆಲ್ಲ ಸಿದ್ಧವಾಗಿ ದೊರೆಯುತ್ತದೆ. ನಕಲು ಮಾಡಲು ಕ್ಷಣಮಾತ್ರ ಸಾಕು. ಅವನಿಂದ ಶ್ರಮವನ್ನು ಮಾಡಿಸಬೇಕೆಂಬ ಒಂದೇ ಉದ್ದೇಶದಿಂದ ಪುಟಗಟ್ಟಲೆ ಒತ್ತಿಸುವುದು ಎಂ.ಎಲ್.ಎಕ್ಸ್. ಸಾಲುಗಳನ್ನು ಒತ್ತಿಸಿದಂತೆಯೇ ವ್ಯರ್ಥ. ಅದರ ಬದಲು, ಓದಲು ಬರುವಷ್ಟು ಚಿಕ್ಕದಾದ ಒಂದು ಪ್ರೋಗ್ರಾಮನ್ನು ಅದರ ವಿವರಣೆಯೊಡನೆ ಕೊಟ್ಟು, ಒಂದು ಸಾಲನ್ನು ಕೆಡಿಸಿ, ಆ ಸಾಲನ್ನು ಹುಡುಕಲು ಹೇಳುವುದು ಮೇಲು. ಹಳೆಯ ಓದುಗನಿಗೆ ಕೈತಪ್ಪಿನಿಂದ ತಾನಾಗಿ ಒದಗುತ್ತಿದ್ದ ಅವಕಾಶವನ್ನು ಈಗ ಅಧ್ಯಾಪಕನು ಬೇಕೆಂದೇ ಒದಗಿಸಬೇಕಾಗಿದೆ. ಪ್ರೂಫ್‌ರೀಡರಿನ ತಾಳೆಯ ಅಂಕೆಯನ್ನು ವಿದ್ಯಾರ್ಥಿಗಳಿಂದಲೇ ಮೊದಲು ಮೊತ್ತದ ಕ್ರಮದಲ್ಲಿಯೂ, ಅನಂತರ ಸ್ಥಾನದ ಕ್ರಮದಲ್ಲಿಯೂ ರಚಿಸಿಸುವುದು ಒಂದು ತರಗತಿಯ ಅವಧಿಯಲ್ಲಿ ಮುಗಿಯುವ ಅಭ್ಯಾಸ. ಎರಡಕ್ಕೂ ಇರುವ ಭೇದವನ್ನು ಅವರು ತಾವೇ ಕಂಡುಕೊಳ್ಳುವರು.